ಬೀರುವಿನ ಮೇಲಿನ ಸ್ವೀಟ್ ಡಬ್ಬಿ

ತುಮಕೂರಿನ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ ನನಗೆ ಹದಿನಾರು ವರ್ಷ ಆಯಿತು. ನಾವು ಒಟ್ಟು ಹದಿನಾಲ್ಕು ಜನ. ನನ್ನ ಟೇಬಲ್ ಪಕ್ಕದಲ್ಲೇ ಸೊಂಟದೆತ್ತರದ ಒಂದು ಕಬ್ಬಿಣದ ಬೀರು ಇದೆ. ಒಳಗೆ ಹಳೇ ಫೈಲು, ಮೇಲೆ ತಿಂಡಿ. ಯಾರು ಏನು ತಂದರೂ ಅದರ ಮೇಲೆ ಇಡುವುದು ನಾನು ಸೇರುವ ಮುಂಚಿನಿಂದ ಬಂದ ರೂಢಿ. ಉಳಿದವರು ಎದ್ದು ಬಂದು ತಗೊಳ್ಳಬೇಕು. ನನಗೆ ಕೂತಲ್ಲಿಂದಲೇ ಕೈಗೆ ಸಿಗುತ್ತಿತ್ತು.

ಆಡಿಟರ್ ಆಫೀಸಿಗೆ ಎಷ್ಟು ಸಿಹಿ ಬರುತ್ತೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಲೆಕ್ಕ ಕೊಡುವ ವ್ಯಾಪಾರಿಗಳಿಗೆ ನಾವು ಪಾರ್ಟಿ ಅನ್ನುತ್ತೇವೆ. ಬ್ಯಾಂಕಿನಲ್ಲಿ ಸಾಲ ಮಂಜೂರಾದ ಪಾರ್ಟಿ ಪೇಡ ತರುತ್ತಾರೆ. ತೆರಿಗೆ ರೀಫಂಡ್ ಬಂದವರು ಮೈಸೂರು ಪಾಕ್ ತರುತ್ತಾರೆ. ತಿಪಟೂರು ಕಡೆಯ ಕೊಬ್ಬರಿ ವ್ಯಾಪಾರಿಗಳು ಕೊಬ್ಬರಿ ಮಿಠಾಯಿ, ತಿರುಪತಿಗೆ ಹೋಗಿಬಂದವರು ಲಡ್ಡು. ಇದರ ಮೇಲೆ ನಮ್ಮವರದೇ ಹುಟ್ಟುಹಬ್ಬ, ಹೊಸ ಗಾಡಿ, ಮಕ್ಕಳ ಪಿಯುಸಿ ರಿಸಲ್ಟ್. ಹಬ್ಬ ಮುಗಿದರೆ ಸಾಕು, ಮನೆಮನೆಯಿಂದ ಡಬ್ಬಿ. ದೀಪಾವಳಿಗೆ ಕಜ್ಜಾಯ, ಗೌರಿ ಗಣೇಶಕ್ಕೆ ಕಡುಬು, ಸಂಕ್ರಾಂತಿಗೆ ಎಳ್ಳು ಬೆಲ್ಲ. ಬೀರುವಿನ ಮೇಲೆ ಏನೂ ಇಲ್ಲದ ದಿನ ನನಗೆ ನೆನಪಿಲ್ಲ.

2023ರ ಫೆಬ್ರವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಸುಮ್ನೆ ಸುಸ್ತು ಅಂತ ಹೋಗಿದ್ದು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 118 ಬಂತು. ಎಚ್‌ಬಿಎ1ಸಿ 6.2. ಈ ಎರಡನೆಯದು ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ. 5.7ರ ಒಳಗಿದ್ದರೆ ಸರಿ, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ. ನಾನು ನಡುವೆ ಇದ್ದೆ. "ಬಾರ್ಡರ್‌ನಲ್ಲಿದೀರಾ. ಈಗ ಎಚ್ಚರ ಮಾಡಿಕೊಂಡರೆ ಮಾತ್ರೆ ಬೇಡ" ಅಂದರು ಡಾಕ್ಟರು.

ನನಗೆ ಆಗ ನಲವತ್ತೊಂದು. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಕೊನೆಯ ವರ್ಷಗಳಲ್ಲಿ ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ದಿನಾ ಸಂಜೆ ಆ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ನಾನು. ರಿಪೋರ್ಟ್ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಕಣ್ಣ ಮುಂದೆ ಬಂದದ್ದು ಆ ಕಾಲು.

"ಸಿಹಿ ಜಾಸ್ತಿ ತಿಂತೀರಾ?" ಅಂತ ಡಾಕ್ಟರು ಕೇಳಿದ್ದಕ್ಕೆ "ಇಲ್ಲ ಡಾಕ್ಟ್ರೇ, ನಮ್ಮನೇಲಿ ಸಿಹಿ ಮಾಡೋದೇ ಕಮ್ಮಿ" ಅಂದಿದ್ದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ. ಆಫೀಸಿನಲ್ಲಿ ತಿನ್ನುವುದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಅವರು ಒಂದು ಕೆಲಸ ಕೊಟ್ಟರು. ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ, ಎಷ್ಟು ಗಂಟೆಗೆ ಅನ್ನುವುದನ್ನೂ ಬರೆಯಿರಿ ಅಂದರು.

ಬರೆಯುವುದು ನನ್ನ ದಿನದ ಕೆಲಸ. ದಿನದ ಲೆಕ್ಕ ಬರೆಯುವ ಹಳೆಯ ಡೇ ಬುಕ್ ಒಂದರ ಹಿಂದಿನ ಪುಟಗಳಲ್ಲಿ ಗೆರೆ ಎಳೆದೆ. ತಾರೀಕು, ಗಂಟೆ, ಏನು, ಎಷ್ಟು. ಸೋಮವಾರ ಪೇಡ ಎರಡು. ಮಂಗಳವಾರ ಮಧ್ಯಾಹ್ನ ಕೇಕ್ ಒಂದು ತುಂಡು, ಸಂಜೆ ಉಳಿದಿದ್ದ ಇನ್ನೊಂದು ತುಂಡು, ಜೊತೆಗೆ ಆಲೂಗಡ್ಡೆ ಚಿಪ್ಸ್. ಬುಧವಾರ ಕೊಬ್ಬರಿ ಮಿಠಾಯಿ ಮೂರು. ಹೀಗೆ ಶನಿವಾರದ ತನಕ. ಕೊನೆಗೆ ಕೂಡಿದೆ. ಆರು ದಿನದಲ್ಲಿ ಬೀರುವಿನ ಮೇಲಿಂದ ಹದಿನೇಳು ಸಲ ತಗೊಂಡಿದ್ದೆ. ಅದರಲ್ಲಿ ಹನ್ನೆರಡು ಸಲ ಮಧ್ಯಾಹ್ನ ಮೂರೂವರೆಯಿಂದ ಐದರ ಒಳಗೆ. ಗಂಟೆ ಬರೆಯದಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ.

ಕಾಫಿಯದ್ದು ಬೇರೆ ಲೆಕ್ಕ. ಮನೆಯದು ಎರಡು, ಆಫೀಸಿನದು ಎರಡು. ಲೋಟಕ್ಕೆ ಎರಡು ಚಮಚ. ದಿನಕ್ಕೆ ಎಂಟು ಚಮಚ ಸಕ್ಕರೆ. ಚಮಚಕ್ಕೆ ನಾಲ್ಕು ಗ್ರಾಂ ಹಿಡಿದರೂ 32 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಸಾಮಾನ್ಯವಾಗಿ ಒಬ್ಬರು ದಿನಕ್ಕೆ ತಿನ್ನುವ ಸಕ್ಕರೆ, ಬೆಲ್ಲ ಎಲ್ಲ ಸೇರಿ ಸುಮಾರು 50 ಗ್ರಾಂ ದಾಟಬಾರದು. 25ರ ಒಳಗಿದ್ದರೆ ಇನ್ನೂ ಒಳ್ಳೆಯದು. ನಾನು ಒಂದು ಚೂರೂ ಸಿಹಿ ತಿನ್ನದ ದಿನವೂ ಕಾಫಿಯಲ್ಲೇ ಆ 25 ದಾಟುತ್ತಿದ್ದೆ.

ಇಷ್ಟು ಗೊತ್ತಾದ ಮೇಲೆ ಬಿಟ್ಟುಬಿಡುವುದು ಸುಲಭ ಅಂದುಕೊಂಡೆ. ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪು.

ಯಾರಿಗೂ ವಿಷಯ ಹೇಳಲಿಲ್ಲ. ಕಾಯಿಲೆ ಅಂದರೆ ಆಫೀಸಿನಲ್ಲಿ ಮಾತಾಗುತ್ತೆ, ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ ಅನ್ನುವ ಭಯ. ಅದಕ್ಕೆ ದಿನಕ್ಕೊಂದು ನೆಪ ಹೇಳಿದೆ. ಇವತ್ತು ಸೋಮವಾರ ಒಪ್ಪತ್ತು, ಹೊಟ್ಟೆ ಸರಿಯಿಲ್ಲ, ಈಗ ತಾನೆ ಊಟ ಆಯ್ತು. ಆ ವರ್ಷ ಯುಗಾದಿ ಮಾರ್ಚ್ 22, ಬುಧವಾರ. ಹೊಸತೊಡಕು ಮುಗಿಸಿ ಶುಕ್ರವಾರ ಎಲ್ಲರೂ ಕೆಲಸಕ್ಕೆ ಬಂದರು. ಮಾರ್ಚ್ ಕೊನೆಯ ವಾರ ಅಂದರೆ ನಮಗೆ ಉಸಿರಾಡಲು ಬಿಡುವಿಲ್ಲ. ನಮ್ಮ ಟೈಪಿಂಗ್ ಅಕ್ಕ ಒಬ್ಬಟ್ಟು ತಂದಿದ್ದರು. ಟೈಪ್‌ರೈಟರ್ ಕಾಲದಲ್ಲಿ ಸೇರಿದವರು, ಕಂಪ್ಯೂಟರ್ ಬಂದರೂ ಹೆಸರು ಹಾಗೇ ಉಳಿದಿದೆ. ಗೂಳೂರಿನಿಂದ ಬಸ್ಸಿನಲ್ಲಿ ಬರುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತಟ್ಟಿದ ಒಬ್ಬಟ್ಟು. ಅಗಲವಾದ ಸ್ಟೀಲ್ ಡಬ್ಬಿ, ಒಳಗೆ ಬಾಳೆಲೆ ಹಾಸಿ ಒಂದೊಂದನ್ನೂ ಅರ್ಧಕ್ಕೆ ಮಡಚಿ ಜೋಡಿಸಿದ್ದರು. ಪಕ್ಕದಲ್ಲಿ ಪುಟ್ಟ ಬಾಟಲಿಯಲ್ಲಿ ತುಪ್ಪ. ಏಲಕ್ಕಿ ಘಮ ಬಾಗಿಲ ತನಕ ಬರುತ್ತಿತ್ತು.

"ಬೇಡ ಅಕ್ಕ, ಹಲ್ಲು ನೋವು" ಅಂದೆ.

"ಹೂವಿನಂಗಿದೆ ಕಣೇ. ಇದಕ್ಕೆ ಹಲ್ಲು ಯಾಕೆ ಬೇಕು? ತಗೋ."

"ಬೇಡ ಅಂದ್ನಲ್ಲ ಅಕ್ಕ" ಅಂತ ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ.

ಅವರು ಡಬ್ಬಿ ಮುಚ್ಚಿ ಬೀರುವಿನ ಮೇಲಿಟ್ಟು ಹೋದರು. ಅವತ್ತು ಮಧ್ಯಾಹ್ನ ನಾನು ಸರಿಯಾಗಿ ಊಟವೂ ಮಾಡಿರಲಿಲ್ಲ. ಕಮ್ಮಿ ತಿಂದರೆ ಒಳ್ಳೆಯದು ಅಂತ ಅರ್ಧ ಮುದ್ದೆ ನುಂಗಿ ಎದ್ದಿದ್ದೆ. ನಾಲ್ಕೂವರೆಗೆ ಕೈ ನಡುಗುವಷ್ಟು ಹಸಿವು. ಡಬ್ಬಿ ತಗೊಂಡು ಫೈಲ್ ರೂಮಿಗೆ ಹೋದೆ. ರ‍್ಯಾಕ್ ಹಿಂದೆ ನಿಂತು ಎರಡು ಒಬ್ಬಟ್ಟು ತಿಂದೆ. ರುಚಿ ಕೂಡ ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಾರೆ. ಡಬ್ಬಿ ಹುಡುಕಿಕೊಂಡು ಬಂದಿದ್ದರು. ಏನೂ ಅನ್ನಲಿಲ್ಲ. ನನ್ನ ಕೈಯಿಂದ ಡಬ್ಬಿ ತಗೊಂಡು, ಮುಚ್ಚಿ, ಬ್ಯಾಗಿಗೆ ಹಾಕಿಕೊಂಡು ಹೋದರು.

ಶನಿವಾರ ಮಾತಿಲ್ಲ. ಭಾನುವಾರ ಪೂರ್ತಿ ನನಗೆ ಅದೇ ಕೊರಗು. ಸೋಮವಾರ ಬೆಳಿಗ್ಗೆ ಯಾರೂ ಬರುವ ಮುಂಚೆ ರಿಪೋರ್ಟ್ ತಗೊಂಡು ಹೋಗಿ ಅವರ ಟೇಬಲ್ ಮೇಲಿಟ್ಟೆ. ಅಪ್ಪನ ಕಾಲಿನ ವಿಷಯವನ್ನೂ ಹೇಳಿದೆ. ಹೇಳುತ್ತಾ ಅತ್ತೆ. ಅವರು ಕನ್ನಡಕ ಹಾಕಿಕೊಂಡು ಎರಡೂ ಸಂಖ್ಯೆ ಓದಿದರು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತೇ ನಿನಗೆ? ನಮ್ಮಮ್ಮನಿಗೆ ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿ ಬಸ್ ಹತ್ತೋಳು ನಾನು. ನನ್ನ ಕೈ ಅಡುಗೆ ನಿನಗೆ ಬೇಡವಾಯ್ತು ಅಂದ್ಕೊಂಡೆ. ಆಮೇಲೆ ಕದ್ದು ತಿಂತಿದ್ದಿದ್ದು ನೋಡಿ ಇನ್ನೂ ಬೇಜಾರಾಯ್ತು. ಎದುರಿಗೆ ತಿನ್ನಬಾರದಂಥದ್ದು ನಾನೇನು ಮಾಡಿದ್ದೆ ಅಂತ."

ಆ ಮಾತು ನನ್ನ ಮನಸ್ಸಿಗೆ ಇಳಿಯಿತು. ನಾನು ಒಂದು ತಿಂಗಳು ಸಿಹಿಯ ಜೊತೆ ಗುದ್ದಾಡುತ್ತಿದ್ದೇನೆ ಅಂದುಕೊಂಡಿದ್ದೆ. ಆದರೆ ದೂರ ತಳ್ಳುತ್ತಿದ್ದದ್ದು ಮನುಷ್ಯರನ್ನು. ನಮ್ಮ ಕಡೆ ತಿಂಡಿ ಕೊಡುವುದು ಬರೀ ತಿಂಡಿ ಕೊಡುವುದಲ್ಲ ಅಲ್ವಾ? ನೀನೂ ನಮ್ಮವಳು ಅಂತ ಹೇಳುವ ರೀತಿ ಅದು. ಅದಕ್ಕೆ ನೆಪ ಹೇಳಿದರೆ ಎದುರಿನವರಿಗೆ ಗೊತ್ತಾಗಿಯೇ ಆಗುತ್ತೆ. ನಿಜ ಹೇಳಿದರೆ ಅವರೇ ದಾರಿ ಹುಡುಕುತ್ತಾರೆ.

ಅಕ್ಕ ಅವತ್ತೇ ಒಂದು ಕೆಲಸ ಮಾಡಿದರು. ಬೀರುವಿನ ಮೇಲಿದ್ದ ಡಬ್ಬಿಗಳನ್ನೆಲ್ಲ ಎತ್ತಿ ಒಳಗೆ ವಾಟರ್ ಫಿಲ್ಟರ್ ಪಕ್ಕದ ಕಲ್ಲಿನ ಮೇಲಿಟ್ಟರು. "ಇನ್ಮೇಲೆ ತಿಂಡಿ ಇಲ್ಲೇ. ಫೈಲಿಗೆ ಎಣ್ಣೆ ಆಗುತ್ತೆ" ಅಂತ ಎಲ್ಲರಿಗೂ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ಅದು ನನ್ನ ಟೇಬಲ್‌ನಿಂದ ಇಪ್ಪತ್ತು ಹೆಜ್ಜೆ ಇರಬಹುದು. ಆ ವಾರ ಮತ್ತೆ ಡೇ ಬುಕ್ಕಿನಲ್ಲಿ ಬರೆದೆ. ಹದಿನೇಳು ಇದ್ದದ್ದು ಏಳಕ್ಕೆ ಇಳಿದಿತ್ತು. ನಾನು ಬೇರೆ ಏನೂ ಮಾಡಿರಲಿಲ್ಲ. ಕಣ್ಣಿಗೆ ಬೀಳುವುದು ತಪ್ಪಿತ್ತು, ಅಷ್ಟೇ.

ಉಳಿದ ಏಳನ್ನು ಬಿಡಿಸಿದ್ದು ಹೊಟ್ಟೆ ತುಂಬಾ ತಿಂದದ್ದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾವು ಹೆಂಗಸರು ಇಲ್ಲೇ ಎಡವುತ್ತೇವೆ. ಬೆಳಿಗ್ಗೆ ಮಕ್ಕಳ ಡಬ್ಬಿ, ಗಂಡನ ಡಬ್ಬಿ ಕಟ್ಟಿ, ಉಳಿದ ಒಂದು ಚೂರು ಚಿತ್ರಾನ್ನ ನಿಂತುಕೊಂಡೇ ತಿಂದು ಬಸ್ಸಿಗೆ ಓಡುತ್ತಿದ್ದೆ. ಹನ್ನೊಂದಕ್ಕೆ ಹೊಟ್ಟೆ ಚುರುಗುಟ್ಟುತ್ತಿತ್ತು. ಈಗ ಹದಿನೈದು ನಿಮಿಷ ಮುಂಚೆ ಏಳುತ್ತೇನೆ. ಕೂತು ತಿನ್ನುತ್ತೇನೆ. ಸೊಪ್ಪು ಈರುಳ್ಳಿ ಹಾಕಿದ ರಾಗಿ ರೊಟ್ಟಿ ಒಂದು, ಜೊತೆಗೆ ಮೊಟ್ಟೆ. ಇಲ್ಲವೇ ಹೆಸರುಕಾಳಿನ ಉಸ್ಲಿ. ಭಾನುವಾರ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಟ್ಟಿಲ್ಲ. ಮೂರರ ಬದಲು ಒಂದು, ಚಟ್ನಿ ಜಾಸ್ತಿ.

ರಾಗಿ ಬಗ್ಗೆ ನನಗೊಂದು ತಪ್ಪು ತಿಳಿವಳಿಕೆ ಇತ್ತು. ಮುದ್ದೆ ತಿನ್ನುವವರಿಗೆ ಶುಗರ್ ಬರಲ್ಲ ಅಂತ. ರಾಗಿಯಲ್ಲಿ ಕ್ಯಾಲ್ಸಿಯಂ, ನಾರು ಎಲ್ಲ ಇದೆ, ನಿಜ. ಆದರೆ ಅದರಲ್ಲೂ ಹೆಚ್ಚು ಭಾಗ ಪಿಷ್ಟವೇ. ದೊಡ್ಡ ಮುದ್ದೆ ಮೇಲೆ ಅನ್ನ ಬಡಿಸಿಕೊಂಡರೆ ಸಕ್ಕರೆ ಏರುತ್ತೆ. ಈಗ ಮೊದಲು ಒಂದು ಬಟ್ಟಲು ಪಲ್ಯ ಅಥವಾ ಕೋಸಂಬರಿ ತಿಂದು, ಆಮೇಲೆ ಚಿಕ್ಕ ಮುದ್ದೆ, ಜಾಸ್ತಿ ಸಾರು. ಹುರುಳಿ ಸಾರೋ ಬಸ್ಸಾರೋ ಆದರೆ ಕಾಳೂ ಹೊಟ್ಟೆಗೆ ಹೋಗುತ್ತೆ. ತರಕಾರಿ, ಕಾಳು ಮೊದಲು ತಿಂದರೆ ಸಕ್ಕರೆ ನಿಧಾನವಾಗಿ ಏರುತ್ತೆ ಅಂತ ಡಾಕ್ಟರು ಹೇಳಿಕೊಟ್ಟದ್ದು. ಊಟ ಆದಮೇಲೆ ಹತ್ತು ನಿಮಿಷ ರಸ್ತೆಯ ಕೊನೆ ತನಕ ಹೋಗಿ ಬರುತ್ತೇನೆ. ಶನಿವಾರ ಸಂಜೆ ಅಮಾನಿಕೆರೆ ದಂಡೆಯಲ್ಲಿ ನಡೆಯುತ್ತೇನೆ.

ಮೂರೂವರೆಗೆ ಅಂತಲೇ ಬೇರೆ ಒಂದು ಪುಟ್ಟ ಡಬ್ಬಿ. ಹುರಿದ ಕಡಲೆಕಾಯಿ ಒಂದು ಹಿಡಿ, ಇಲ್ಲವೇ ಸೀಬೆಹಣ್ಣು, ಸೌತೆಕಾಯಿ. ಹಸಿವು ಬಂದಮೇಲೆ ತೆಗೆಯುವುದಲ್ಲ. ಮೂರೂವರೆ ಆಯಿತೆಂದರೆ ತೆಗೆಯುವುದು. ನಾಲ್ಕಕ್ಕೆ ಯಾರಾದರೂ ಜಾಮೂನು ಹಿಡಿದು ಬಂದರೂ ಹಸಿದ ಹೊಟ್ಟೆಯಲ್ಲಿ ನೋಡುವುದಕ್ಕೂ ಇದಕ್ಕೂ ಅಜಗಜಾಂತರ.

ಕಾಫಿಗೆ ಎರಡು ತಿಂಗಳು ಹಿಡಿಯಿತು. ಎರಡು ಚಮಚದಿಂದ ಒಂದೂವರೆ, ಒಂದು, ಅರ್ಧ. ಮನೆಯಲ್ಲಿ ಸರಿ. ಆಫೀಸಿಗೆ ಹೋಟೆಲಿನಿಂದ ಸಕ್ಕರೆ ಬೆರೆಸಿಯೇ ಫ್ಲಾಸ್ಕ್ ಬರುತ್ತಿತ್ತು. ಕಾಫಿ ತರುವ ತಾತನಿಗೆ ಕೇಳಿದೆ. "ಒಬ್ಬರಿಗೆ ಅಂದ್ರೆ ಕೊಡಲ್ಲಮ್ಮ, ನಾಕು ಜನ ಆದ್ರೆ ಬೇರೆ ಫ್ಲಾಸ್ಕ್ ಕೇಳ್ತೀನಿ" ಅಂದರು. ಸರಿ, ಮುಜುಗರ ಬಿಟ್ಟು ಒಬ್ಬೊಬ್ಬರನ್ನೇ ಕೇಳಿದೆ. ನಾಲ್ಕಲ್ಲ, ಐದು ಜನ ಸಿಕ್ಕರು! ಅದರಲ್ಲಿ ನಮ್ಮ ಸಾರ್ ಕೂಡ ಒಬ್ಬರು. ಇಷ್ಟು ವರ್ಷ ಅವರೂ ಬಾಯಿ ಬಿಟ್ಟಿರಲಿಲ್ಲ. ತಾತ ಸಪ್ಪೆ ಕಾಫಿಯ ಫ್ಲಾಸ್ಕಿನ ಹಿಡಿಗೆ ಕೆಂಪು ದಾರ ಕಟ್ಟಿದರು. ಈಗಲೂ ಅದೇ ದಾರ ಇದೆ.

ಪ್ರಸಾದದ ವಿಷಯ ನನಗೆ ಕಷ್ಟವಾಯಿತು. ಕೇಕ್ ಬೇಡ ಅನ್ನಬಹುದು, ತಿರುಪತಿ ಲಡ್ಡು ಬೇಡ ಅನ್ನುವುದು ಹೇಗೆ? ಅತ್ತೆಯವರನ್ನು ಕೇಳಿದೆ. "ಕಾಳಷ್ಟು ತಿಂದರೂ ಪ್ರಸಾದವೇ, ಕಡಲೆಯಷ್ಟು ತಿಂದರೂ ಪ್ರಸಾದವೇ" ಅಂದರು. ಅಂದಿನಿಂದ ಎರಡೂ ಕೈಯಲ್ಲಿ ತಗೊಂಡು, ಕಣ್ಣಿಗೊತ್ತಿಕೊಂಡು, ಚಿಟಿಕೆಯಷ್ಟು ಬಾಯಿಗೆ ಹಾಕಿಕೊಳ್ಳುತ್ತೇನೆ. ಉಳಿದದ್ದು ಪಕ್ಕದವರಿಗೆ. ಮಕ್ಕಳಿಗೆ ಅಂತ ಪೇಪರಿನಲ್ಲಿ ಸುತ್ತಿಕೊಂಡು ಹೋಗುವುದನ್ನು ನಿಲ್ಲಿಸಿದೆ. ಬಟವಾಡಿ ಸ್ಟಾಪ್ ಬರುವುದರೊಳಗೆ ಬಸ್ಸಿನಲ್ಲೇ ಅದು ಖಾಲಿಯಾಗುತ್ತಿತ್ತು.

ಜುಲೈನಲ್ಲಿ ಒಂದು ಘಟನೆ ಆಯಿತು. ಈ ಹೊತ್ತಿಗೆ ಎಲ್ಲರಿಗೂ ನನ್ನ ವಿಷಯ ಗೊತ್ತಿತ್ತು. ನಮ್ಮಲ್ಲಿ ಒಬ್ಬರು ಹಿರಿಯರು, ಎಲ್ಲರೂ ಅಣ್ಣ ಅನ್ನುತ್ತೇವೆ. ಅವರು ಹತ್ತು ವರ್ಷದಿಂದ ಶುಗರ್ ಮಾತ್ರೆ ತಗೊಳ್ಳುತ್ತಿದ್ದವರು. ನಾನು ಸಣ್ಣಗಾದದ್ದು ನೋಡಿ ಅವರೂ ಊಟ ಕಡಿಮೆ ಮಾಡಿದರಂತೆ. ಅವತ್ತು ಮಾತ್ರೆ ನುಂಗಿ ಊಟವನ್ನೇ ಬಿಟ್ಟಿದ್ದರು. ಜುಲೈ 31ರ ಆದಾಯ ತೆರಿಗೆ ರಿಟರ್ನ್ಸ್ ಗಡುವಿನ ಗಲಾಟೆಯಲ್ಲಿ ಯಾರೂ ಗಮನಿಸಲಿಲ್ಲ. ಮೂರು ಗಂಟೆಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲಿತು. ಅಕ್ಕ ಅಮ್ಮನನ್ನು ನೋಡಿಕೊಂಡವರು, ತಕ್ಷಣ ಗೊತ್ತಾಯಿತು. "ಶುಗರ್ ಇಳಿದಿದೆ, ಸಕ್ಕರೆ ತನ್ನಿ" ಅಂತ ಕೂಗಿದರು. ಮೂರು ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಿದೆವು. ಕಾಲು ಗಂಟೆಯಲ್ಲಿ ಸರಿಹೋದರು. ಆಮೇಲೆ ಊಟ ಮಾಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿದರು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಮಾತ್ರೆ ತಗೊಳ್ಳುತ್ತಿರಲಿಲ್ಲ, ಅವರು ತಗೊಳ್ಳುತ್ತಿದ್ದರು. ಇಬ್ಬರ ದಾರಿ ಒಂದೇ ಅಲ್ಲ. ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ಬಿಡಲಂತೂ ಬಾರದು. ಈಗ ಯಾರಾದರೂ ನೀನು ಏನು ಮಾಡಿದೆ ಅಂತ ಕೇಳಿದರೆ ಮೊದಲು ನಾನು ಕೇಳುವುದು, ನೀವು ಮಾತ್ರೆ ತಗೊಳ್ತೀರಾ ಅಂತ.

ಸೆಪ್ಟೆಂಬರ್‌ನಲ್ಲಿ ನಾನೇ ಸೋತೆ. ಆಡಿಟ್ ರಿಪೋರ್ಟಿನ ಗಡುವು 30ಕ್ಕೆ. ರಾತ್ರಿ ಒಂಬತ್ತು, ಹತ್ತರ ತನಕ ಕೆಲಸ. ಸಂಜೆ ಆಫೀಸಿನಿಂದಲೇ ಬೇಕರಿ ತಿಂಡಿ ತರಿಸುತ್ತಾರೆ. ಪಫ್ಸ್, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್. ನನ್ನ ಮೂರೂವರೆಯ ಡಬ್ಬಿ ರಾತ್ರಿ ತನಕ ಎಲ್ಲಿ ಸಾಲುತ್ತೆ? ಹನ್ನೊಂದು ದಿನ ಎಲ್ಲರ ಜೊತೆ ತಿಂದೆ. ಡೇ ಬುಕ್ಕಿನಲ್ಲಿ ಆ ಪುಟಗಳನ್ನು ಖಾಲಿ ಬಿಡಬೇಕು ಅನ್ನಿಸಿತು. ಬಿಡಲಿಲ್ಲ, ಎಲ್ಲವನ್ನೂ ಬರೆದೆ. ಗಡುವು ಮುಗಿದ ಮೇಲೆ ಸಾರ್ ಹತ್ತಿರ ಹೋಗಿ, ಸಂಜೆ ತರಿಸುವುದರಲ್ಲಿ ಅರ್ಧ ಬೇರೆ ತರಿಸಬಹುದಾ ಅಂತ ಕೇಳಿದೆ. ಬೇಯಿಸಿದ ಮುಸುಕಿನ ಜೋಳ, ಚಪಾತಿ ಪಲ್ಯ, ಮಜ್ಜಿಗೆ. ಸಪ್ಪೆ ಕಾಫಿಯವರಲ್ಲವೇ, ಒಪ್ಪಿದರು. ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಮಾಡುವ ಹುಡುಗರು ಪಫ್ಸ್ ಬಿಡಲು ಒಪ್ಪಲಿಲ್ಲ. ಅವರಿಗೆ ಇಪ್ಪತ್ತೆರಡು ವಯಸ್ಸು, ಅವರು ಯಾಕೆ ಬಿಡಬೇಕು? ಅರ್ಧ ಅವರದು, ಅರ್ಧ ನಮ್ಮದು.

ಲೆಕ್ಕ ಹೇಳುವುದಾದರೆ, 2023ರ ಜೂನ್‌ನಲ್ಲಿ ಎಚ್‌ಬಿಎ1ಸಿ 6.0 ಇತ್ತು. ಅಕ್ಟೋಬರ್‌ನಲ್ಲೂ 6.0, ಇಳಿಯಲೇ ಇಲ್ಲ. ಸೆಪ್ಟೆಂಬರಿನ ಪುಟಗಳು ಕೈಯಲ್ಲಿ ಇದ್ದದ್ದರಿಂದ ಕಾರಣ ಗೊತ್ತಿತ್ತು. 2024ರ ಫೆಬ್ರವರಿಯಲ್ಲಿ 5.7. ತೂಕ 68 ಕೆಜಿಯಿಂದ 63ಕ್ಕೆ ಬಂದಿದೆ. ಬಾರ್ಡರ್ ಪೂರ್ತಿ ದಾಟಿ ಈಚೆ ಬಂದಿಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತಿದ್ದೇನೆ.

2024ರ ಜೂನ್‌ನಲ್ಲಿ ಗುಬ್ಬಿ ತಾಲ್ಲೂಕು ಚೇಳೂರಿನ ಕಡೆಯ ಒಬ್ಬ ಪಾರ್ಟಿ ಎರಡು ಹಲಸಿನಹಣ್ಣು ಆಟೋದಲ್ಲಿ ಹಾಕಿಕೊಂಡು ಬಂದರು. ಕೆಂಪು ತೊಳೆಯ ಹಣ್ಣು. ನೆಲದ ಮೇಲೆ ಹಳೇ ಪೇಪರ್ ಹಾಸಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಎಲ್ಲರೂ ಸುತ್ತ ಕೂತೆವು. ತಾತ ಕೊಯ್ದರು, ಹುಡುಗರು ತೊಳೆ ಬಿಡಿಸಿದರು. ನಾನು ಬೆಳಿಗ್ಗೆಯೇ ಅಕ್ಕನಿಗೆ ಹೇಳಿದ್ದೆ, ಇವತ್ತು ನಾನು ತಿಂತೀನಿ, ಊಟದ ಜೊತೆಗೆ, ಮುದ್ದೆ ಅರ್ಧ ಮಾಡಿ ಅಂತ. ಅಕ್ಕ ನನ್ನ ತಟ್ಟೆಗೆ ನಾಲ್ಕು ತೊಳೆ ಎಣಿಸಿ ಹಾಕಿದರು. ಬೀಜ ತೆಗೆದು ಒಂದು ಕವರಿಗೆ ತುಂಬಿದರು.

"ಬೀಜ ಪೂರ್ತಿ ನಿನಗೇ. ನಾಳೆ ಸಾರು ಮಾಡ್ಕೊಂಡು ಬಾ, ನಂಗೂ ಒಂದು ಡಬ್ಬಿ" ಅಂದರು.

ಇಬ್ಬರೂ ಅವರ ಟೇಬಲ್‌ನಲ್ಲೇ ಕೂತು ತಿಂದೆವು. ಬೆರಳಿಗೆ ಅಂಟಿದ ಮೇಣ ಸಂಜೆ ತನಕ ಹೋಗಲಿಲ್ಲ.